ನನ್ನನ್ನೇ ಕೇಳಬಹುದಿತ್ತು

ಗಾರ್ಗಿಯ ಕೈಯಲ್ಲಿದ್ದ ಕಬ್ಬಿಣದ ತುಂಡು ಭಾರವಾಗಿತ್ತು. ದೋಣಿಯ ಹೊರಬದಿಯಲ್ಲಿ ಒಂದು ಮೊಳೆಯ ತಲೆಯ ಮೇಲೆ ಅದನ್ನು ಎರಡೂ ಕೈಯಿಂದ ಒತ್ತಿ ಹಿಡಿದು ಅವಳು ನಿಂತಿದ್ದಳು. ದೋಣಿಯ ಒಳಗೆ ಕೂತು ಸುತ್ತಿಗೆ ಹಿಡಿದವನು ಅವಳಿಗೆ ಕಾಣುತ್ತಿರಲಿಲ್ಲ. ನಡುವೆ ಒಂದು ಮರದ ಹಲಗೆ ಇತ್ತು.

ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಮಧ್ಯದಲ್ಲಿ ಕೈ ಬಿಟ್ಟರೆ ಮೊಳೆ ಸೊಟ್ಟಗಾಗುತ್ತದೆ ಎಂದು ಒಳಗಿನಿಂದ ಇಂಗ್ಲಿಷಿನಲ್ಲಿ ದನಿ ಬಂತು.

ಅವಳು ಒತ್ತಿ ಹಿಡಿದಳು.

ಮೊದಲ ಪೆಟ್ಟು ಹಲಗೆಯನ್ನು ದಾಟಿ, ಕಬ್ಬಿಣವನ್ನು ದಾಟಿ ಅವಳ ಮೊಣಕೈವರೆಗೆ ಬಂತು. ಒಳಗಿದ್ದವನು ತನ್ನಷ್ಟಕ್ಕೆ ತಾನೇ ಮೆಲ್ಲಗೆ ಎಣಿಸತೊಡಗಿದ.

"ಒಂದು… ಎರಡು… ಮೂರು…"

ಕನ್ನಡದಲ್ಲಿ.

ಆ ದನಿ… ಒಂಬತ್ತು ವರ್ಷವಾಗಿತ್ತು ಆ ದನಿ ಕೇಳಿ. ಕೈ ಬಿಟ್ಟು ಓಡಿಬಿಡಬೇಕೆನಿಸಿತು. ಬಿಡುವ ಹಾಗಿರಲಿಲ್ಲ. ಪೆಟ್ಟು ಬೀಳುತ್ತಲೇ ಇತ್ತು, ಸುತ್ತ ನಿಂತ ಜನ ಫೋನಿನಲ್ಲಿ ವಿಡಿಯೋ ಹಿಡಿಯುತ್ತಿದ್ದರು.

"ಏಳು… ಎಂಟು."

ಸುತ್ತಿಗೆ ನಿಂತಿತು. ಥ್ಯಾಂಕ್ಯೂ ಎನ್ನುತ್ತ ಅವನು ಎದ್ದು ನಿಂತ. ಬಿಳಿ ಲಿನನ್ ನಿಲುವಂಗಿ, ಸೊಂಟಕ್ಕೆ ಚರ್ಮದ ಪಟ್ಟಿ, ಗಡ್ಡದಲ್ಲಿ ಅಲ್ಲಲ್ಲಿ ನರೆ. ನಗುತ್ತ ಎದ್ದವನ ಮುಖದ ನಗು ಅರ್ಧಕ್ಕೇ ನಿಂತಿತು.

"ಗಾರ್ಗೀ…"

ನೀರಜ್.

ಅವಳು ಕಬ್ಬಿಣದ ತುಂಡನ್ನು ಹುಲ್ಲಿನ ಮೇಲೆ ಇಟ್ಟಳು. ಎಸೆಯಲಿಲ್ಲ, ಇಟ್ಟಳು. ಕೋಪ ಆಳಕ್ಕೆ ಇಳಿದವರು ವಸ್ತುಗಳನ್ನು ಎಸೆಯುವುದಿಲ್ಲ.

"ಚೆನ್ನಾಗಿದೀರಾ?" ಎಂದಳು.

ಒಂದು ಕಾಲದಲ್ಲಿ ನೀನು ಎಂದೇ ಜಗಳವಾಡಿದ ಬಾಯಿ ಇವತ್ತು ನೀವು ಅಂದಿತು. ನೀರಜನಿಗೆ ಆ ಒಂದು ಮಾತೇ ಸಾಕಾಯಿತು. ಅವನು ತಲೆ ತಗ್ಗಿಸಿದ.

ಗಾರ್ಗಿ ತಿರುಗಿ ಅಪ್ಪನನ್ನು ಹುಡುಕಿದಳು. ಈಗಷ್ಟೇ ಪಕ್ಕದಲ್ಲಿದ್ದ ಪಟ್ಟಾಭಿರಾಮ ಅಲ್ಲಿರಲಿಲ್ಲ.

*

ವೈಕಿಂಗ್ ಹಬ್ಬಕ್ಕೆ ಹೋಗೋಣ ಎಂದು ಹಟ ಹಿಡಿದವರೇ ಅಪ್ಪ.

ಸಾವಿರ ವರ್ಷದ ಹಿಂದೆ ಉತ್ತರದ ಚಳಿಯ ದೇಶಗಳಿಂದ ದೋಣಿ ಹತ್ತಿ ಕೆಲವರು ಲೂಟಿಗೆ, ಕೆಲವರು ವ್ಯಾಪಾರಕ್ಕೆ ಹೊರಟಿದ್ದರಂತೆ. ಅವರ ಬಟ್ಟೆ ತೊಟ್ಟು, ಅವರ ಅಡುಗೆ ಮಾಡಿ, ಅವರ ಹಾಗೆ ದೋಣಿ ಕಟ್ಟಿ ತೋರಿಸುವ ಒಂದು ತಂಡ ಡೆನ್ಮಾರ್ಕಿನಿಂದ ಬಂದು ಸಿಂಗಾಪುರ ನದಿಯ ದಡದ ಹುಲ್ಲುಹಾಸಿನಲ್ಲಿ ಮೂರು ದಿನದ ಹಬ್ಬ ಹೂಡಿತ್ತು. ಹಿಂದೆ ಹಳೆಯ ಕಂಬಗಳ ಬಿಳಿ ಕಟ್ಟಡ, ಮುಂದೆ ಬ್ಯಾಂಕುಗಳ ಗೋಪುರ, ನಡುವೆ ಡೇರೆಗಳು. ಆ ಬಿಸಿಲಿಗೆ ಉಣ್ಣೆ ಬಟ್ಟೆ ತೊಟ್ಟ ಕೆಂಪು ಮುಖದ ಗಂಡಸರು ಗುರಾಣಿಯ ಹಿಂದೆ ಪುಟ್ಟ ಬ್ಯಾಟರಿ ಫ್ಯಾನ್ ಇಟ್ಟುಕೊಂಡು ಗಾಳಿ ಕುಡಿಯುತ್ತಿದ್ದರು. ಕೊಂಬಿನ ಟೋಪಿ ಹಾಕಿಕೊಂಡು ಬಂದ ಚೀನೀ ಅಂಕಲ್ ಒಬ್ಬರಿಗೆ, ನಮ್ಮವರು ಕೊಂಬು ಹಾಕುತ್ತಲೇ ಇರಲಿಲ್ಲ ಎಂದು ತಂಡದವನೊಬ್ಬ ಹೇಳಿದ. "ಐ ಪೇ ಟ್ವೆಲ್ವ್ ಡಾಲರ್ ಆಲ್ರೆಡಿ, ಲೆಟ್ ಮಿ ವೇರ್ ಲಾ" ಎಂದು ಸಿಂಗಾಪುರದ ಇಂಗ್ಲಿಷಿನಲ್ಲಿ ಹೇಳಿ ಅಂಕಲ್ ಹೊರಟೇಹೋದರು. ಎಲ್ಲರೂ ನಕ್ಕರು, ಗಾರ್ಗಿಯೂ ನಕ್ಕಿದ್ದಳು. ಅದು ಅರ್ಧ ಗಂಟೆಯ ಹಿಂದಿನ ಮಾತು.

ಪಟ್ಟಾಭಿರಾಮ ಜುರಾಂಗ್ ಕಡೆಯ ಶಿಪ್‌ಯಾರ್ಡಿನಲ್ಲಿ ಇಪ್ಪತ್ತೆರಡು ವರ್ಷ ದುಡಿದವರು. ಹಡಗಿನ ಮೈ ಮುಟ್ಟಿ ಬೆಸುಗೆ ಎಲ್ಲಿ ಸಡಿಲ ಎಂದು ಹೇಳುವ ಕೈ ಅವರದು. ಈಗ ಎಪ್ಪತ್ತನಾಲ್ಕು ವರ್ಷ, ಬಲಗೈ ಸ್ವಲ್ಪ ನಡುಗುತ್ತದೆ. ಹೆಂಡತಿ ಉಮಾ ಹೋಗಿ ನಾಲ್ಕು ವರ್ಷ. ಬುಕಿತ್ ಬಾಟೋಕಿನ ಫ್ಲ್ಯಾಟಿನಲ್ಲಿ ಅವರು ಮತ್ತು ಮಗಳು, ಇಬ್ಬರೇ. ಹಳೇ ಕಾಲದ ದೋಣಿ ಹೇಗೆ ಕಟ್ಟುತ್ತಾರೋ ನೋಡಬೇಕು ಎಂದು ಅಪ್ಪ ವಾರದಿಂದ ಹೇಳುತ್ತಿದ್ದರು. ಆಸ್ಪತ್ರೆಯಲ್ಲಿ ಮುರಿದ ಕೈಕಾಲುಗಳಿಗೆ ವ್ಯಾಯಾಮ ಹೇಳಿಕೊಡುವ ಕೆಲಸ ಗಾರ್ಗಿಯದು. ಶುಕ್ರವಾರ ರಜೆ ಹಾಕಿ ಕರೆತಂದಿದ್ದಳು.

ದೋಣಿಯ ಹಲಗೆಗಳನ್ನು ಒಂದರ ಮೇಲೊಂದು ಏರಿಸಿ, ಕಬ್ಬಿಣದ ಮೊಳೆ ಹೊಡೆದು ಸೇರಿಸುತ್ತಾರೆ. ಆ ಕೆಲಸಕ್ಕೆ ಇಬ್ಬರು ಬೇಕು. ಹೊರಗೊಬ್ಬ ಮೊಳೆಯ ತಲೆಗೆ ಭಾರ ಒತ್ತಿ ಹಿಡಿಯಬೇಕು, ಒಳಗೊಬ್ಬ ಅದರ ತುದಿಯನ್ನು ಬಡಿದು ಬಗ್ಗಿಸಬೇಕು. ನೋಡಲು ಬಂದವರಿಗೂ ಒಂದೊಂದು ಮೊಳೆಯ ಸರದಿ ಕೊಡುತ್ತಿದ್ದರು.

ಸಾಲಿನಲ್ಲಿ ನಿಂತ ಅಪ್ಪ, ತಮ್ಮ ಸರದಿ ಬಂದಾಗ, "ನನ್ನ ಕೈ ನಡುಗತ್ತೆ ಪುಟ್ಟಿ, ನೀನೇ ಹಿಡ್ಕೋ" ಎಂದಿದ್ದರು.

ಅಂದರೆ… ಅಪ್ಪನಿಗೆ ಗೊತ್ತಿತ್ತು?

*

ಗಾರ್ಗಿ ಡೇರೆಗಳ ನಡುವೆ ಬೇಗ ಬೇಗ ನಡೆದಳು. ಹಿಂದಿನಿಂದ ಹೆಜ್ಜೆ ಸಪ್ಪಳ ಬಂತು.

"ಒಂದ್ನಿಮಿಷ ನಿಲ್ಲು, ಪ್ಲೀಸ್."

ನಿಂತಳು. ತಿರುಗಲಿಲ್ಲ.

ಒಂಬತ್ತು ವರ್ಷದ ಹಿಂದಿನ ಆ ಭಾನುವಾರ ಅವಳ ಕಣ್ಣ ಮುಂದೆ ಬಂತು. ಬರದೆ ಎಲ್ಲಿ ಹೋಗುತ್ತದೆ? ಹಸಿವು ಮರೆತೀತು, ಅವಮಾನ ಮರೆಯದು.

ನೀರಜ್ ಅಪ್ಪನ ಶಿಪ್‌ಯಾರ್ಡಿನಲ್ಲೇ ಹಡಗಿನ ನಕ್ಷೆ ಬರೆಯುವ ಎಂಜಿನಿಯರ್. ಕಾಗದದ ಮೇಲಿನ ಗೆರೆ ಕಬ್ಬಿಣದಲ್ಲಿ ಹೇಗೆ ಏಳುತ್ತದೆ ಎಂದು ಅವನಿಗೆ ಕೈ ಹಿಡಿದು ಕಲಿಸಿದವರು ಪಟ್ಟಾಭಿರಾಮ. ಹಾಗೆ ಮನೆಗೆ ಬಂದವನು ಮಗಳ ಮನಸ್ಸಿಗೂ ಬಂದ. ಎರಡು ವರ್ಷ ಸುತ್ತಾಡಿದರು. ಹಿರಿಯರು ಒಪ್ಪಿದರು. ಹುಡುಗ ಹುಡುಗಿ ಮೆಚ್ಚಿಕೊಂಡ ಮದುವೆ, ಹೆಚ್ಚು ಕೆದಕುವುದೇನಿದೆ ಎಂದು ಎಲ್ಲರೂ ಸಡಿಲವಾಗಿದ್ದರು. ಹುಡುಗಿಯ ಜಾತಕದ ಹಾಳೆಯಲ್ಲಿ ಗೋತ್ರದ ಜಾಗ ಖಾಲಿ ಇದ್ದದ್ದನ್ನು ಯಾರೂ ನೋಡಲಿಲ್ಲ.

ನಿಶ್ಚಿತಾರ್ಥದ ದಿನ ಬ್ಲಾಕಿನ ಕೆಳಗಿನ ಸಭಾಂಗಣದಲ್ಲಿ ನಲವತ್ತು ಜನ ಸೇರಿದ್ದರು. ಪುರೋಹಿತರು ಲಗ್ನಪತ್ರಿಕೆ ಬರೆಯಲು ಕೂತು, ಹುಡುಗಿಯ ಗೋತ್ರ ಯಾವುದು ಎಂದು ಕೇಳಿದರು.

"ಕಾಶ್ಯಪ" ಎಂದರು ಅಪ್ಪ.

ಪುರೋಹಿತರ ಪೆನ್ನು ನಿಂತಿತು. ಹುಡುಗನದೂ ಕಾಶ್ಯಪವೇ. ಒಂದೇ ಗೋತ್ರವೆಂದರೆ ಅಣ್ಣತಂಗಿಯ ಲೆಕ್ಕ ಎಂದು ನಂಬಿದ ಜನ. ಸಭಾಂಗಣದಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ನೀರಜನ ತಾಯಿ ಸೀತಾ ಎದ್ದು ನಿಂತರು. ಸಾಕು, ದೇವರು ದೊಡ್ಡವನು, ಈಗಲೇ ಗೊತ್ತಾಯಿತಲ್ಲ ಎಂದರು. ತಂದಿದ್ದ ಸೀರೆ, ಹೂವು, ಹಣ್ಣಿನ ತಟ್ಟೆಯನ್ನು ಎತ್ತಿ ಮಗನ ಕೈಗೆ ಕೊಟ್ಟು ಬಾಗಿಲ ಕಡೆ ನಡೆದರು.

ನೀರಜ್ ತಟ್ಟೆ ಹಿಡಿದುಕೊಂಡು ಅವರ ಹಿಂದೆ ಹೋದ. ಒಂದು ಮಾತು ಆಡಲಿಲ್ಲ. ತಿರುಗಿ ಒಮ್ಮೆ ನೋಡಿದ, ಅಷ್ಟೆ.

ಆ ರಾತ್ರಿಯೇ ಗಾರ್ಗಿ ಅವನ ನಂಬರನ್ನು ಬ್ಲಾಕ್ ಮಾಡಿದಳು. ನಿಜವಾಗಿ ಬೇಕಿದ್ದರೆ ಮನೆಗೆ ಬರುತ್ತಾನೆ ಎಂದುಕೊಂಡಳು. ಬಾಗಿಲ ಬೆಲ್ ಸದ್ದಿಗೆ ಕಿವಿಕೊಟ್ಟು ಒಂದು ವಾರ ಕಾದಳು… ಒಂದು ತಿಂಗಳು ಕಾದಳು. ಆಮೇಲೆ ಅವನು ಕೆಲಸ ಬಿಟ್ಟು ಯಾವುದೋ ದೇಶಕ್ಕೆ ಹೋದನಂತೆ ಎಂಬ ಸುದ್ದಿ ಬಂತು.

ಈಗ ಹಿಂದೆ ನಿಂತಿದ್ದಾನೆ, ನಿಮಿಷ ನಿಲ್ಲು ಎನ್ನುತ್ತಿದ್ದಾನೆ.

"ಏನು ಹೇಳ್ಬೇಕಿತ್ತು?" ಎಂದಳು. "ಹೇಳೋ ದಿನ ತಟ್ಟೆ ಹಿಡ್ಕೊಂಡು ಹೋದ್ರಿ. ಕೈ ಖಾಲಿ ಇರ್ಲಿಲ್ಲ, ಬಾಯಿ ಖಾಲಿ ಇತ್ತಲ್ಲ?"

"ಅದು ನನ್ನ ತಪ್ಪು. ಅದಕ್ಕೆ ಏನಂದ್ರೂ ಕೇಳ್ತೀನಿ." ಅವನ ದನಿ ಸಣ್ಣದಾಯಿತು. "ಆದ್ರೆ ಆಮೇಲೆ ನಾನು ಬಂದಿದ್ದೆ. ನೀನೇ ಬೇಡ ಅಂದೆ."

ಗಾರ್ಗಿ ತಿರುಗಿದಳು.

"ಯಾರು ಬೇಡ ಅಂದಿದ್ದು?"

"ಮೂರನೇ ದಿನ ಬಂದಿದ್ದೆ, ಗಾರ್ಗಿ. ನಿಮ್ಮ ಬ್ಲಾಕ್ ಕೆಳಗಿನ ಖಾಲಿ ಜಾಗದಲ್ಲಿ, ವಾಯ್ಡ್ ಡೆಕ್‌ನಲ್ಲಿ ನಿಮ್ಮಪ್ಪ ಸಿಕ್ಕಿದ್ರು. ಅವಳಿಗೆ ಇಷ್ಟ ಇಲ್ವಂತೆ ಕಣಪ್ಪ, ಮುಖ ನೋಡಲ್ಲ ಅಂತಿದಾಳೆ, ಇನ್ನು ತೊಂದರೆ ಕೊಡಬೇಡ ಅಂದ್ರು."

ಸುಳ್ಳು ಎಂದಳು ಗಾರ್ಗಿ. ಬಾಯಿ ಸುಳ್ಳು ಎಂದಿತು, ಎದೆ ಅನ್ನಲಿಲ್ಲ. ಆ ಮೂರನೇ ದಿನ ಅಪ್ಪ ಹಾಲು ತರಲು ಕೆಳಗೆ ಹೋಗಿ, ಹಾಲಿಲ್ಲದೆ ಬಂದಿದ್ದರು. ಮುಖ ಬೆವರಿತ್ತು. ಅಂಗಡಿ ಮುಚ್ಚಿತ್ತು ಎಂದಿದ್ದರು. ಇಪ್ಪತ್ತನಾಲ್ಕು ಗಂಟೆ ತೆಗೆದಿರುವ ಅಂಗಡಿ ಅದು.

*

ಪಟ್ಟಾಭಿರಾಮ ನದಿಯ ಕಡೆಯ ಮರದ ನೆರಳಿನಲ್ಲಿ ಕೂತಿದ್ದರು. ಮಗಳು ಬರುವುದನ್ನು ದೂರದಿಂದಲೇ ನೋಡಿದರು. ಏಳಲಿಲ್ಲ.

"ಅವನು ಬಂದಿದ್ನಾ ಅಪ್ಪಾ?"

ಅವರು ತಲೆಯಾಡಿಸಿದರು. ಬಂದಿದ್ದ.

"ನಾನು ಬೇಡ ಅಂದೆ ಅಂತ ಹೇಳಿದ್ರಾ?"

ಅದಕ್ಕೂ ತಲೆಯಾಡಿಸಿದರು.

ನದಿಯಲ್ಲಿ ಪ್ರವಾಸಿಗರ ದೋಣಿಯೊಂದು ಹೋಯಿತು. ಅದರ ಅಲೆ ಕಲ್ಲುಕಟ್ಟೆಗೆ ಬಡಿದು ಸುಮ್ಮನಾಯಿತು. ಪಟ್ಟಾಭಿರಾಮ, ಯಾರದೋ ಕಥೆ ಹೇಳುವವರ ಹಾಗೆ ಹೇಳತೊಡಗಿದರು.

ಅವರಿಗೆ ಅಪ್ಪ ಅಮ್ಮ ಯಾರೆಂದು ಗೊತ್ತಿರಲಿಲ್ಲ. ಮೈಸೂರಿನ ಒಂದು ಅನಾಥಾಲಯದಲ್ಲಿ ಬೆಳೆದವರು. ಅಲ್ಲಿ ಏಳು ಹುಡುಗರಿಗೆ ಒಟ್ಟಿಗೆ ಮುಂಜಿ ಮಾಡಿದರು. ಗೋತ್ರ ತಿಳಿಯದವರೆಲ್ಲ ಕಾಶ್ಯಪ ಗೋತ್ರ ಎಂಬುದು ಹಿಂದಿನಿಂದ ನಡೆದುಬಂದ ಮಾತು. ಏಳು ಹುಡುಗರಿಗೂ ಕಾಶ್ಯಪವೇ ಆಯಿತು. ದೊಡ್ಡವರಾದ ಮೇಲೆ ಪಟ್ಟಾಭಿರಾಮ ತಮಗೊಬ್ಬ ತಾತನನ್ನು ಕಲ್ಪಿಸಿಕೊಂಡರು, ಒಂದು ಊರನ್ನು ಕಲ್ಪಿಸಿಕೊಂಡರು. ಉಮಾಳನ್ನು ಮದುವೆಯಾದಾಗಲೂ ಅದನ್ನೇ ಹೇಳಿದರು. ಹೇಳಿ ಹೇಳಿ ಅವರಿಗೇ ಅದು ನಿಜವಾಗಿತ್ತು.

ಮೂರನೇ ದಿನ ನೀರಜ್ ಬಂದು ಹೇಳಿದ್ದೇನು? ಪುರೋಹಿತರನ್ನು ಕೇಳಿದ್ದೇನೆ ಅಂಕಲ್, ಗೋತ್ರ ಒಂದೇ ಇದ್ದರೂ ಪ್ರವರ, ಅಂದರೆ ಮೂಲ ಋಷಿಗಳ ಸಾಲು, ಬೇರೆ ಇದ್ದರೆ ದಾರಿ ಇದೆಯಂತೆ. ನಿಮ್ಮ ಮೂಲದ ಊರು, ತಾತನ ಹೆಸರು ಕೊಡಿ. ಮೈಸೂರಿನಲ್ಲಿ ನನ್ನ ಸೋದರಮಾವ ಇದ್ದಾರೆ, ಹುಡುಕಿಸುತ್ತೇನೆ.

ಹುಡುಕಿಸುತ್ತೇನೆ ಅಂದ. ಒಳ್ಳೆಯ ಮನಸ್ಸಿನಿಂದಲೇ ಅಂದ.

"ಹುಡುಕಿದ್ರೆ ಏನು ಸಿಗ್ತಿತ್ತು ಪುಟ್ಟಿ? ಅನಾಥಾಲಯದ ರಿಜಿಸ್ಟರ್ ಸಿಗ್ತಿತ್ತು" ಎಂದರು ಪಟ್ಟಾಭಿರಾಮ. "ಅಡಿಕೆಗೆ ಹೋದ ಮಾನ ಅಂತಾರೆ… ನನಗೆ ಭಯ ಆಯ್ತು. ಅವನನ್ನ ಕಳಿಸಿಬಿಟ್ಟೆ."

ಅಪ್ಪನ ನಡುಗುವ ಕೈಯನ್ನು ಗಾರ್ಗಿ ನೋಡಿದಳು. ದಿನಕ್ಕೆ ಹತ್ತು ಜನರ ಕೈ ಹಿಡಿದು ಸರಿಮಾಡುವವಳು ಆ ಕೈಯನ್ನು ಹಿಡಿಯಲಿಲ್ಲ.

"ಅಂದೇ ಎದ್ದು ನಿಂತು, ನನಗೆ ಗೋತ್ರ ಗೊತ್ತಿಲ್ಲ, ನಾನು ಅನಾಥ ಅಂದಿದ್ರೆ?"

"ನಿನಗೆ ನಾಚಿಕೆ ಆಗ್ತಿತ್ತು ಅಂದ್ಕೊಂಡೆ."

"ಒಂದಿನ ಅಳ್ತಿದ್ದೆ ಅಪ್ಪಾ. ನೀವು ನನ್ನ ಒಂಬತ್ತು ವರ್ಷ ಅಳಿಸಿದ್ರಿ. ಅಮ್ಮ ಸಾಯೋವರೆಗೂ ಅವನಿಗೆ ಶಾಪ ಹಾಕಿದ್ಲು. ನೀವು ಪಕ್ಕದಲ್ಲಿ ಕೂತು ಕೇಳಿಸ್ಕೊಂಡ್ರಿ."

ಅವರು ಉಳಿದದ್ದನ್ನೂ ಹೇಳಿದರು. ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ, ನಮ್ಮ ಹುಡುಗ ಡೆನ್ಮಾರ್ಕಿನಿಂದ ದೋಣಿ ತಂದಿದ್ದಾನೆ ಎಂದು ಯಾರೋ ಅವನ ಫೋಟೋ ಹಾಕಿದ್ದರಂತೆ. ಅದನ್ನು ನೋಡಿ ನಾಲ್ಕು ದಿನ ನಿದ್ದೆ ಮಾಡದೆ, ಆಮೇಲೆ ವಾರವೆಲ್ಲ ಹಟ ಹಿಡಿದು ಮಗಳನ್ನು ಕರೆತಂದಿದ್ದರು. ಇಬ್ಬರೂ ಎದುರಾದರೆ ನಿಜ ತಾನೇ ಹೊರಗೆ ಬೀಳುತ್ತದೆ, ನಾನು ಬಾಯಿ ಬಿಡಬೇಕಾಗುವುದಿಲ್ಲ ಎಂದು.

ಅವಳಾಗಿ ಕೇಳುವವರೆಗೂ ತಮ್ಮ ಬಾಯಿಂದ ಹೇಳುವ ಧೈರ್ಯ ಅವರಿಗೆ ಬಂದಿರಲಿಲ್ಲ. ಗಾರ್ಗಿಗೆ ಎಲ್ಲಕ್ಕಿಂತ ಕಹಿಯಾದದ್ದು ಅದು.

*

ಜುರಾಂಗ್ ಈಸ್ಟಿನಲ್ಲಿ ರೈಲು ಬದಲಿಸಿ ಮನೆ ಸೇರುವವರೆಗೆ ಇಬ್ಬರೂ ಮಾತಾಡಲಿಲ್ಲ. ಶನಿವಾರವೂ ಆಡಲಿಲ್ಲ.

ಅವಳು ಸಾರು ಮಾಡಿ ಮೇಜಿನ ಮೇಲೆ ಇಟ್ಟಳು. ಅವರು ಊಟ ಮಾಡಿ ತಟ್ಟೆ ತೊಳೆದಿಟ್ಟರು. ಉಪ್ಪು ಹಾಕಿರಲಿಲ್ಲ. ಉಪ್ಪಿಲ್ಲ ಎಂದು ಅವರು ಹೇಳಲಿಲ್ಲ. ಮರೆತೆ ಎಂದು ಅವಳೂ ಹೇಳಲಿಲ್ಲ.

ಗಾರ್ಗಿಗೆ ವಿಚಿತ್ರವಾದ ಒಂದು ನೋವು ಶುರುವಾಗಿತ್ತು. ಒಂಬತ್ತು ವರ್ಷ ಒಬ್ಬನನ್ನು ದ್ವೇಷಿಸಿ ಬದುಕಿದ್ದಳು. ನೋಡಲು ಬಂದ ಇಬ್ಬರು ಹುಡುಗರನ್ನು ಬೇಡ ಎಂದದ್ದು ಆ ದ್ವೇಷದ ಬಲದಿಂದ. ಹುಡುಗಿಗೆ ಸೊಕ್ಕು ಎಂದವರಿಗೆ ಉತ್ತರ ಕೊಡದೆ ನಡೆದದ್ದು ಅದರ ಬಲದಿಂದ. ಈಗ ಅದನ್ನು ಯಾರೋ ಕೈಯಿಂದ ಕಿತ್ತುಕೊಂಡ ಹಾಗಾಗಿತ್ತು. ಊರುಗೋಲು ಹೋದ ಮೇಲೆ ತಾನೇ ಗೊತ್ತಾಗುವುದು, ಕಾಲಿಗೆ ಎಷ್ಟು ಶಕ್ತಿ ಉಳಿದಿದೆ ಎಂದು?

'ಅವನೂ ಸುಮ್ಮನೆ ನಂಬಿಬಿಟ್ಟನಲ್ಲ… ಎರಡು ವರ್ಷ ನನ್ನ ಜೊತೆ ಇದ್ದವನು, ನಾನು ಹಾಗೆ ಹೇಳುವವಳೇ ಎಂದು ಒಂದು ಸಲ ಯೋಚಿಸಲಿಲ್ಲವಲ್ಲ…'

ಭಾನುವಾರ ಮಧ್ಯಾಹ್ನ ಪಟ್ಟಾಭಿರಾಮ ಶರ್ಟು ಇಸ್ತ್ರಿ ಮಾಡಿ ತೊಟ್ಟು ಬಾಗಿಲ ಬಳಿ ನಿಂತರು. ಟ್ಯಾಂಪಿನೀಸಿಗೆ ಹೋಗುತ್ತೇನೆ ಎಂದರು. ನೀರಜನ ತಾಯಿ ಅಲ್ಲಿದ್ದರು. ಅವರಿಗೆ ಎಲ್ಲ ಹೇಳಿ, ಕೈಮುಗಿದು, ಮಕ್ಕಳದ್ದು ಸರಿಮಾಡಿ ಬರುತ್ತೇನೆ ಎಂದರು.

"ಬೇಡ ಅಪ್ಪಾ" ಎಂದಳು ಗಾರ್ಗಿ. ಎರಡು ದಿನದ ನಂತರದ ಮೊದಲ ಮಾತು. "ನಿಮ್ಮ ಕಥೆ ಯಾರಿಗೆ ಬೇಕಾದ್ರೂ ಹೇಳಿ, ಅದು ನಿಮ್ಮದು. ನನ್ನ ವಿಷಯ ಮಾತ್ರ ಇನ್ನು ಯಾರೂ ಯಾರ ಹತ್ರಾನೂ ಮಾತಾಡೋದು ಬೇಡ."

ಅವರು ಚಪ್ಪಲಿ ಕಳಚಿದರು. ಆಮೇಲೆ ಕೇಳಿದರು.

"ನನ್ನ ಕ್ಷಮಿಸ್ತೀಯಾ?"

"ಗೊತ್ತಿಲ್ಲ" ಎಂದಳು. ಅದು ನಿಜವಾದ ಉತ್ತರವಾಗಿತ್ತು. "ಸಂಜೆ ಮಾತ್ರೆ ಮರೀಬೇಡಿ" ಎಂದು ಬ್ಯಾಗು ಹೆಗಲಿಗೆ ಹಾಕಿಕೊಂಡು ತಾನೇ ಹೊರಟಳು.

*

ಅವಳು ತಲುಪುವ ಹೊತ್ತಿಗೆ ಐದು ಗಂಟೆ. ಹಬ್ಬ ಮುಗಿದಿತ್ತು. ಡೇರೆಗಳನ್ನು ಕಳಚುತ್ತಿದ್ದರು. ವೈಕಿಂಗರೆಲ್ಲ ಟೀ ಶರ್ಟು, ಚಡ್ಡಿ ತೊಟ್ಟು ಸಾಮಾನ್ಯ ಮನುಷ್ಯರಾಗಿ ಪೆಟ್ಟಿಗೆ ಹೊರುತ್ತಿದ್ದರು.

ನೀರಜ್ ಅವಳನ್ನು ನೋಡಿ ಕೈಯಲ್ಲಿದ್ದ ಹಗ್ಗ ಕೆಳಗಿಟ್ಟು ಬಂದ. ಹತ್ತಿರ ಬರಲಿಲ್ಲ, ನಾಲ್ಕು ಹೆಜ್ಜೆ ದೂರದಲ್ಲಿ ನಿಂತ.

ಇಬ್ಬರೂ ನದಿಯ ಮೆಟ್ಟಿಲ ಮೇಲೆ ಕೂತರು. ಗಾರ್ಗಿ ಅಪ್ಪ ಹೇಳಿದ್ದನ್ನೆಲ್ಲ ಹೇಳಿದಳು. ಅನಾಥಾಲಯ, ಏಳು ಹುಡುಗರು, ಭಯ.

"ಅಂಕಲ್ ಸುಳ್ಳು ಹೇಳಬಹುದು ಅಂತ ನನಗೆ ಹೊಳೀಲೇ ಇಲ್ಲ" ಎಂದ. "ನನ್ನ ಕೈಗೆ ಕೆಲಸ ಕಲಿಸಿದವರು ಅವರು."

"ನಾನು ಹಾಗೆ ಹೇಳೋಳಲ್ಲ ಅಂತ ಹೊಳೀತಾ?"

ಅವನು ಇಲ್ಲ ಎಂದು ತಲೆಯಾಡಿಸಿದ.

ಆಮೇಲೆ ಅವನೂ ಒಂದು ಮಾತು ಹೇಳಿದ. ಮುಚ್ಚಿಡಬಹುದಿತ್ತು, ಮುಚ್ಚಿಡಲಿಲ್ಲ. ಡೆನ್ಮಾರ್ಕಿನಲ್ಲಿ ಒಬ್ಬಳನ್ನು ಮದುವೆಯಾಗಿದ್ದ. ದೋಣಿಯ ಹಾಯಿ ಹೊಲಿಯುವ ಒಳ್ಳೆಯ ಹೆಂಗಸು. ಮೂರು ವರ್ಷ ಜೊತೆಗಿದ್ದರು. ನೀನು ಇಲ್ಲಿದ್ದೀಯ, ಆದರೆ ಇಲ್ಲಿಲ್ಲ ಎಂದು ಹೇಳಿ ಅವಳೇ ಬಿಟ್ಟು ಹೋದಳು. ಮಕ್ಕಳಿಲ್ಲ.

ಗಾರ್ಗಿ ಯಾರನ್ನೂ ಹತ್ತಿರ ಬಿಟ್ಟಿರಲಿಲ್ಲ. ಅವನು ಬಿಟ್ಟಿದ್ದ. ಅದು ತಪ್ಪೇನೂ ಅಲ್ಲ, ಬೇಡ ಎಂದವಳಿಗಾಗಿ ಯಾರು ಕಾಯುತ್ತಾರೆ? ಬುದ್ಧಿಗೆ ಅರ್ಥವಾಯಿತು. ಹೊಟ್ಟೆಗೆ ಅರ್ಥವಾಗಲಿಲ್ಲ.

"ನಾನು ಕಾಯ್ತಾ ಇರ್ಲಿಲ್ಲ, ಹಾಗಂದ್ಕೋಬೇಡ" ಎಂದಳು. ಕಣ್ಣು ತುಂಬಿ ಬಂದಿತ್ತು. "ಬೇರೆಯವರು ಬಂದು ಕೂತಾಗೆಲ್ಲ ನೀನು ತಟ್ಟೆ ಹಿಡ್ಕೊಂಡು ಹೋಗ್ತಿರೋದೇ ಕಾಣ್ತಿತ್ತು, ಅಷ್ಟೆ. ಎಷ್ಟು ಸಿಟ್ಟಿತ್ತು ಗೊತ್ತಾ ನಿನ್ನ ಮೇಲೆ…"

ನೀನು ಎಂದಿದ್ದಳು. ಅವಳಿಗೆ ಅದು ಗೊತ್ತಾಗಲಿಲ್ಲ. ಅವನಿಗೆ ಗೊತ್ತಾಯಿತು, ಆದರೆ ತೋರಿಸಿಕೊಳ್ಳಲಿಲ್ಲ.

ಆ ದಿನ ಸಭಾಂಗಣದಲ್ಲಿ ಯಾಕೆ ಸುಮ್ಮನಿದ್ದೆ ಎಂದು ಅವಳು ಕೇಳಿದಳು. ನಲವತ್ತು ಜನರ ಮುಂದೆ ಅಮ್ಮನ ಮಾತಿಗೆ ಎದುರಾಡಬಾರದು, ಮನೆಗೆ ಹೋಗಿ ಒಪ್ಪಿಸಿದರಾಯಿತು ಎಂದುಕೊಂಡೆ ಎಂದ. ಮನೆಗೆ ಹೋಗಿ ಎರಡು ದಿನ ಜಗಳವಾಡಿದ. ನಿನ್ನಿಷ್ಟ, ನಾನು ಮದುವೆಗೆ ಬರುವುದಿಲ್ಲ ಎಂದು ತಾಯಿ ಕೈಚೆಲ್ಲಿದರು. ಮೊದಲು ದೊಡ್ಡವರ ಹತ್ತಿರ ಮಾತಾಡಿ, ಎಲ್ಲ ಸರಿಮಾಡಿಕೊಂಡು, ನಿನ್ನ ಮುಂದೆ ಬರೋಣ ಎಂದು ಅಂಕಲ್ ಹತ್ತಿರ ಹೋದೆ ಎಂದ. ಅದು ಮರ್ಯಾದೆ ಎಂದುಕೊಂಡಿದ್ದೆ ಎಂದ.

"ಮರ್ಯಾದೆ" ಎಂದಳು ಗಾರ್ಗಿ. ಬೇವಿನೆಲೆ ಜಗಿದವಳ ಹಾಗೆ ಆ ಪದವನ್ನು ಬಾಯಲ್ಲಿ ಆಡಿಸಿದಳು. "ನೀನು ನಿನ್ನಮ್ಮನ ಹತ್ರ, ಪುರೋಹಿತರ ಹತ್ರ ಮಾತಾಡಿದೆ. ನೀನು ನಮ್ಮಪ್ಪನ ಹತ್ರ ಮಾತಾಡಿದೆ. ನಮ್ಮಪ್ಪ ನಿನ್ನ ಹತ್ರ ಮಾತಾಡಿದ್ರು. ಮದುವೆ ಆಗ್ಬೇಕಿದ್ದೋಳು ನಾನು. ಏಳನೇ ಫ್ಲೋರ್‌ನಲ್ಲಿ ಕೂತಿದ್ದೆ, ನೀರಜ್. ಲಿಫ್ಟ್ ಕೆಲಸ ಮಾಡ್ತಿತ್ತು."

ನೀರಜ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅವನ ಭುಜ ಅಲುಗುತ್ತಿತ್ತು. ಅವಳು ಸಮಾಧಾನ ಮಾಡಲಿಲ್ಲ, ಎದ್ದೂ ಹೋಗಲಿಲ್ಲ. ಕೆಲವು ಅಳುಗಳನ್ನು ಪೂರ್ತಿ ಅಳಲು ಬಿಡಬೇಕು.

ಹಿಂದೆ ಯಾರೋ ಅವನ ಹೆಸರು ಹಿಡಿದು ಕೂಗಿದರು. ದೋಣಿಯನ್ನು ಲಾರಿಗೆ ಏರಿಸಬೇಕಿತ್ತು. ಇನ್ನು ಎಂಟು ದಿನಕ್ಕೆ ತಂಡ ವಾಪಸು ಹೊರಡುವುದಿತ್ತು.

ಅವನು ಮುಖ ಒರೆಸಿಕೊಂಡು ಎದ್ದ. ಏನೋ ನಿಶ್ಚಯ ಮಾಡಿಕೊಂಡವನ ಹಾಗೆ ಹೇಳಿದ.

"ನಾಳೆ ಬೆಳಿಗ್ಗೆ ಬುಕಿತ್ ಬಾಟೋಕ್‌ಗೆ ಬರ್ತೀನಿ. ಅಂಕಲ್ ಕಾಲಿಗೆ ಬಿದ್ದು, ಅವರ ಹತ್ರ ಕೇಳಿ…"

ಹೇಳುತ್ತ ಹೇಳುತ್ತ ಅವನೇ ನಿಂತುಬಿಟ್ಟ.

ಗಾರ್ಗಿ ಅವನನ್ನೇ ನೋಡುತ್ತಿದ್ದಳು. ಬಿಸಿಲಿಗೆ, ಅಳುವಿಗೆ ಕೆಂಪಾದ ಕಣ್ಣು. ಅದರಲ್ಲಿ ಸಿಟ್ಟಿತ್ತು, ದಣಿವಿತ್ತು, ಇನ್ನೂ ಏನೋ ಇತ್ತು.

"ಅಲ್ಲ" ಎಂದ ನೀರಜ್. "ತಪ್ಪಾಯ್ತು. ಅವರನ್ನಲ್ಲ."

"ಮತ್ತೆ?"

ಅವನು ಒಂದು ಮೆಟ್ಟಿಲು ಕೆಳಗಿಳಿದು ಅವಳ ಎದುರಿಗೆ ನಿಂತ.

"ಗಾರ್ಗೀ, ನನ್ನ ಜೊತೆ ಇರ್ತೀಯಾ? ಇಲ್ಲಾದ್ರೂ ಸರಿ, ಎಲ್ಲಾದ್ರೂ ಸರಿ. ಇವತ್ತೇ ಹೇಳ್ಬೇಕು ಅಂತಿಲ್ಲ. ಬೇಡ ಅಂತಿದ್ರೆ… ಅದನ್ನೂ ನೀನೇ ಹೇಳು. ನಿನ್ನ ಬಾಯಲ್ಲೇ ಕೇಳ್ತೀನಿ."

ನದಿಯ ಆಚೆ ಗೋಪುರಗಳ ಗಾಜಿನ ಮೇಲೆ ಸಂಜೆ ಬಿಸಿಲು ಮೆಲ್ಲಗೆ ಮೇಲೇರುತ್ತಿತ್ತು. ಕಳೆದುಹೋದದ್ದು ಯಾವುದೂ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಇಪ್ಪತ್ತೇಳರ ಗಾರ್ಗಿ ಬರುವುದಿಲ್ಲ. ಅಮ್ಮ ಬರುವುದಿಲ್ಲ. ಆದರೂ ಈ ಒಂದು ಪ್ರಶ್ನೆ, ಇಷ್ಟು ವರ್ಷದಲ್ಲಿ ಮೊದಲ ಸಲ, ಯಾರ ಕೈಗೂ ಸಿಗದೆ ನೇರವಾಗಿ ಅವಳ ಹತ್ತಿರ ಬಂದಿತ್ತು.

"ನನ್ನ ಸಿಟ್ಟು ಇನ್ನೂ ಹೋಗಿಲ್ಲ" ಎಂದಳು.

"ಗೊತ್ತು."

"ಅಪ್ಪನ ಮೇಲಿಂದೂ ಹೋಗಿಲ್ಲ. ಅವರನ್ನ ಬಿಟ್ಟೂ ಬರಲ್ಲ."

"ಬಿಡು ಅಂತ ಕೇಳಲ್ಲ."

"ಎಷ್ಟು ವರ್ಷ ಬೇಕಾಗತ್ತೋ ಗೊತ್ತಿಲ್ಲ, ನೀರಜ್. ಮಧ್ಯ ಮಧ್ಯ ನೆನಪಾದಾಗೆಲ್ಲ ಬೈತೀನಿ."

"ಬೈಸ್ಕೊಳ್ತೀನಿ."

"ಊಟ ಮಾಡ್ತಿರುವಾಗ ಬೈತೀನಿ."

"ತಟ್ಟೆ ಕೆಳಗಿಟ್ಟು ಬೈಸ್ಕೊಳ್ತೀನಿ."

ಅವಳಿಗೆ ನಗು ಬಂತು. ನಗು ಅರ್ಧಕ್ಕೆ ಬಂದು ಅಳುವಾಯಿತು. ಅವನು ಕೈ ಚಾಚಿದ, ಮುಟ್ಟಲಿಲ್ಲ, ಚಾಚಿ ಹಿಡಿದು ನಿಂತ. ಗಾರ್ಗಿ ಆ ಒರಟು ಅಂಗೈಯನ್ನು ಸ್ವಲ್ಪ ಹೊತ್ತು ನೋಡಿ, ತನ್ನ ಕೈಯನ್ನು ಅದರಲ್ಲಿಟ್ಟಳು.

"ಇರ್ತೀನಿ" ಎಂದಳು. "ನಿನಗೆ ಹೇಳ್ತಿದೀನಿ. ಇದನ್ನ ಬೇರೆಯವರಿಗೆಲ್ಲ ನಾನೇ ಹೇಳ್ಕೋತೀನಿ."